ಮನೆಯಲ್ಲಿ ಕಟ್ಟಿದ ಎಲೆಕ್ಟ್ರಿಕ್ ಗಿಟಾರ್: ಬಣ್ಣ ಮತ್ತು ಜೋಡಣೆಯ ನಂತರದ ದೋಷಗಳ ಪತ್ತೆ

ಮರ ಕೊರೆದು, ಬಣ್ಣ ಹೊಡೆದು, ತಂತಿ ಬಿಗಿದ ಗಿಟಾರ್ ಮೊದಲ ಸಲ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ಕೂಡಲೇ ನೆಟ್ಟಗೆ ನುಡಿಯುವುದು ಅಪರೂಪ. ಒಂದೋ ಗುಂಯ್‌ಗುಡುತ್ತದೆ, ಇಲ್ಲವೇ ತಂತಿ ನೆಕ್ಕಿನ (ಗಿಟಾರಿನ ಕತ್ತಿನ) ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ತಾಗಿ ಝರ್ ಎನ್ನುತ್ತದೆ, ಇಲ್ಲವೇ ಸದ್ದೇ ಬರುವುದಿಲ್ಲ. ಆಗ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪೇ ಕೆಟ್ಟಿದೆ ಎಂದು ತೀರ್ಮಾನಿಸಿ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಹೊಸದನ್ನು ತರಿಸುವವರು ಕಲಬುರಗಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ನೋಡಿದ ಮಟ್ಟಿಗೆ ದೋಷ ಬಿಡಿಭಾಗದಲ್ಲಿರುವುದು ಕಡಿಮೆ, ಬಣ್ಣ ಮತ್ತು ಜೋಡಣೆ ಒಂದನ್ನೊಂದು ಮುಟ್ಟುವ ಜಾಗದಲ್ಲಿರುವುದೇ ಹೆಚ್ಚು. ನೆಕ್ ಕೂರುವ ಗುಳಿಯಲ್ಲಿ ಉಳಿದ ಲ್ಯಾಕರ್, ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನ ಅಡಿಯ ಅರ್ಥ್ ತಂತಿಯನ್ನು ಮುಚ್ಚಿದ ಪಾಲಿಶ್, ಕೇಬಲ್ ಸಿಕ್ಕಿಸುವ ಜ್ಯಾಕಿನ ನಟ್ಟಿನಡಿ ನಿಧಾನವಾಗಿ ಅದುಮಿಹೋಗುವ ಬಣ್ಣದ ಪದರ, ಇವೆಲ್ಲ ಕಣ್ಣಿಗೆ ಬೀಳದ ಕಾರಣಗಳು. ಆದ್ದರಿಂದ ಏನನ್ನಾದರೂ ಬದಲಿಸುವ ಮುನ್ನ ಬಣ್ಣ, ನೆಕ್, ಫ್ರೆಟ್, ವಿದ್ಯುತ್ ಸಂಪರ್ಕ, ಕಟ್ಟಕಡೆಗೆ ಶ್ರುತಿ ಎಂಬ ಕ್ರಮದಲ್ಲಿ ಪರೀಕ್ಷಿಸುತ್ತ ಹೋಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ತಿದ್ದಬೇಕು, ತಿದ್ದಿದ ಮೇಲೆ ಮತ್ತೆ ನುಡಿಸಿ ನೋಡಬೇಕು.

ಬಣ್ಣದಲ್ಲಿ ಕಾಣುವ ದೋಷಗಳು

ನಮ್ಮ ಕಡೆಯ ಹವೆ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ವರ್ಷದಲ್ಲಿ ಎರಡು ಬಗೆಯ ತೊಂದರೆ ಕೊಡುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಒಣ ಬಿಸಿಲಿನಲ್ಲಿ ಸ್ಪ್ರೇ ಮಾಡಿದರೆ, ಥಿನ್ನರ್ ಮರವನ್ನು ಮುಟ್ಟುವ ಮೊದಲೇ ಆರಿಹೋಗಿ ಹನಿಗಳು ಅರೆ ಒಣಗಿದ ಪುಡಿಯಾಗಿ ಬೀಳುತ್ತವೆ. ಕೈಯಾಡಿಸಿದರೆ ಮೇಲ್ಮೈ ತರಿತರಿಯಾಗಿ ಹತ್ತುತ್ತದೆ. ಇದನ್ನು ತಪ್ಪಿಸಲು ದಪ್ಪ ಕೋಟ್ ಹೊಡೆದರೆ ಮೇಲಿನ ಪದರ ಬೇಗ ಕೆನೆಗಟ್ಟುತ್ತದೆ, ಒಳಗೆ ಸಿಕ್ಕಿಬಿದ್ದ ಥಿನ್ನರ್ ಆವಿಯಾಗಿ ಹೊರಬರುವಾಗ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಎರಡಕ್ಕೂ ಪರಿಹಾರ ಒಂದೇ: ಬಿಸಿಲೇರುವ ಮುನ್ನ, ನಿಧಾನವಾಗಿ ಆರುವ ಥಿನ್ನರ್ ಅಥವಾ ರಿಟಾರ್ಡರ್ ಬೆರೆಸಿ, ತೆಳುವಾದ ಕೋಟ್‌ಗಳನ್ನು ಬಿಡುವು ಕೊಟ್ಟು ಹೊಡೆಯಬೇಕು. ಮಳೆಗಾಲದಲ್ಲಿ ದೋಷ ತದ್ವಿರುದ್ಧವಾಗಿರುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದರಿಂದ, ಲ್ಯಾಕರ್ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗುತ್ತದೆ. ಇದನ್ನು ಕಂಡು ಗಾಬರಿಯಾಗಿ ಬಣ್ಣವನ್ನೆಲ್ಲ ಉಜ್ಜಿ ತೆಗೆಯುವ ಅಗತ್ಯವಿಲ್ಲ. ಹವೆ ಒಣಗಿದ ದಿನ ಬರಿಯ ರಿಟಾರ್ಡರ್ ಥಿನ್ನರನ್ನು ಹಗುರಾಗಿ ಸ್ಪ್ರೇ ಮಾಡಿದರೆ ಪದರ ಮತ್ತೆ ಸಡಿಲಗೊಂಡು, ಒಳಗಿನ ತೇವ ಹೊರಟುಹೋಗಿ, ಮಂಕು ಸಾಮಾನ್ಯವಾಗಿ ತಾನಾಗಿ ಬಿಡುತ್ತದೆ.

ಬಣ್ಣ ಅಲ್ಲಲ್ಲಿ ಕುಳಿಬಿದ್ದು, ನಡುವೆ ಬರಿಮರ ಕಾಣುವ ದುಂಡನೆಯ ಕಲೆಗಳಾದರೆ ಅದಕ್ಕೆ ಕಾರಣ ಎಣ್ಣೆ ಅಥವಾ ಸಿಲಿಕೋನ್. ಹಳೆಯ ವಾಡೆಗಳನ್ನು ಕೆಡವಿದಾಗ ಸಿಗುವ ಸಾಗವಾನಿ ಚೆನ್ನಾಗಿ ಹದಗೊಂಡ ಮರವೆನ್ನುವುದು ನಿಜವಾದರೂ, ಸಾಗವಾನಿಯಲ್ಲಿ ಸಹಜವಾದ ಎಣ್ಣೆಯಂಶವಿರುತ್ತದೆ, ಅದರ ಮೇಲೆ ತಲೆಮಾರುಗಟ್ಟಲೆ ಬಳಿದ ಎಣ್ಣೆಯೂ ಸೇರಿರುತ್ತದೆ. ಸೀಲರ್ ಹೊಡೆಯುವ ತುಸು ಮುಂಚೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮೇಣ ತೆಗೆದ ಅರಗಿನ ಪಾಲಿಶ್‌ನ ಒಂದು ತೆಳುಪದರ ಕೊಟ್ಟರೆ ಕಲೆ ಏಳುವುದಿಲ್ಲ. ವಾಲ್ಯೂಮ್, ಟೋನ್ ಗುಂಡಿಗಳ ಭಾಗಗಳು ಕೂರುವ ಕಂಟ್ರೋಲ್ ಕುಳಿಯ ಮುಚ್ಚಳಕ್ಕೆ ಬೀದರಿನ ಬಿದ್ರಿ ತಗಡನ್ನು ಹಾಕಿಸುವ ಆಸೆ ನಮ್ಮಲ್ಲಿ ಹಲವರಿಗಿದೆ, ಚೆಂದವಾಗಿಯೂ ಕಾಣುತ್ತದೆ. ಆದರೆ ಬಿದ್ರಿಯ ಕಪ್ಪು ಹೊಳೆಯಲೆಂದು ಅದಕ್ಕೆ ಕೊನೆಯಲ್ಲಿ ಎಣ್ಣೆ ತಿಕ್ಕಿರುತ್ತಾರೆ, ಆದ್ದರಿಂದ ಬಣ್ಣದ ಕೆಲಸವೆಲ್ಲ ಮುಗಿದು ಒಣಗುವ ತನಕ ಅದನ್ನು ಗಿಟಾರಿನ ಹತ್ತಿರ ತರಬಾರದು. ಆ ತಗಡಿನ ವಿದ್ಯುತ್ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಕನ್ನಡಿಯಂತೆ ಪಾಲಿಶ್ ಮಾಡಿದ ಮೇಲ್ಮೈಯಲ್ಲಿ ಕೆಲವು ವಾರಗಳ ನಂತರ ಮರದ ಗೆರೆಗಳು ಇಳಿದು ಕಂಡರೆ, ರಂಧ್ರಗಳಿಗೆ ಫಿಲ್ಲರ್ ಸಾಲಲಿಲ್ಲವೆಂದೋ, ಲ್ಯಾಕರ್ ಪೂರ್ತಿ ಆರುವ ಮುನ್ನ ಉಜ್ಜಲಾಗಿದೆಯೆಂದೋ ತಿಳಿಯಬೇಕು. ಆರಿದೆಯೇ ಎಂದು ತಿಳಿಯಲು ಮೂಗಿಗಿಂತ ಒಳ್ಳೆಯ ಸಾಧನವಿಲ್ಲ. ಹತ್ತಿರದಿಂದ ಮೂಸಿದಾಗ ಥಿನ್ನರಿನ ವಾಸನೆ ಇನ್ನೂ ಇದ್ದರೆ ಉಜ್ಜುವ ಕಾಲ ಬಂದಿಲ್ಲ. ಉಜ್ಜುವಾಗ ನಡುವೆ ನಕಾಶೆಯ ಗೆರೆಗಳಂತೆ ಉಂಗುರಗಳು ಕಂಡರೆ ಬಳಸಿದ್ದು ಪಿಯು (ಪಾಲಿಯುರಿಥೇನ್) ಆಗಿರುತ್ತದೆ. ನೈಟ್ರೋ ಲ್ಯಾಕರಿನ ಹೊಸ ಪದರ ಹಳೆಯದನ್ನು ಕರಗಿಸಿ ಅದರೊಡನೆ ಒಂದಾಗುತ್ತದೆ, ಆದರೆ ಹಾರ್ಡನರ್ ಬೆರೆಸಿದ ಪಿಯು ಪದರಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಮೇಲಿನ ಪದರ ತೂತಾದಲ್ಲಿ ಉಂಗುರ ಮೂಡುತ್ತದೆ, ಎಷ್ಟು ಪಾಲಿಶ್ ಮಾಡಿದರೂ ಅದು ಹೋಗುವುದಿಲ್ಲ. ಇಡೀ ಮುಖಕ್ಕೆ ಮತ್ತೊಂದು ಪೂರ್ಣ ಕೋಟ್ ಕೊಟ್ಟು ಮೊದಲಿನಿಂದ ಉಜ್ಜುವುದೊಂದೇ ದಾರಿ. ಪಿಯು ಹಾರ್ಡನರಿನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮುಸುಕು ಅದನ್ನು ತಡೆಯುವುದಿಲ್ಲ, ಆವಿಗೆಂದೇ ಮಾಡಿದ ಮಾಸ್ಕ್ ಬೇಕು. ಇನ್ನೊಂದು ಮಾತು: ಮನೆಯ ನೆಲದ ಶಹಾಬಾದಿ ಫರ್ಸಿ ಸಪಾಟಾಗಿದೆಯೆಂದು ನಂಬಿ ಅದರ ಮೇಲೆ ಕಾಗದ ಹಾಸಿ ಉಜ್ಜುವವರಿದ್ದಾರೆ. ಫರ್ಸಿ ನಡೆದಾಡುವುದಕ್ಕೆ ಸಪಾಟು, ಗಿಟಾರಿಗೆ ಅಲ್ಲ. ದಪ್ಪ ಗಾಜಿನ ತುಂಡನ್ನು ಬಳಸಬೇಕು.

ನೆಕ್ ಕೂರುವ ಗುಳಿ

ಬ್ರಿಡ್ಜಿನ ಸ್ಯಾಡಲ್‌ಗಳನ್ನು (ಒಂದೊಂದು ತಂತಿಯನ್ನೂ ಹೊರುವ ಸಣ್ಣ ತುಂಡುಗಳನ್ನು) ತಳದವರೆಗೆ ಇಳಿಸಿದರೂ ತಂತಿ ಎತ್ತರದಲ್ಲೇ ಉಳಿದರೆ, ಅಥವಾ ಮೇಲಕ್ಕೆ ಎತ್ತಿದರೂ ತಂತಿ ಫ್ರೆಟ್ಟುಗಳ ಮೇಲೆ ಮಲಗಿದರೆ, ನೆಕ್ಕಿನ ಕೋನ ತಪ್ಪಿದೆ ಎಂದರ್ಥ. ಕೋನ ತಪ್ಪುವುದಕ್ಕೆ ಗುಳಿಯನ್ನು ಕೊರೆದ ಲೆಕ್ಕವೇ ಕಾರಣವಾಗಿರಬೇಕೆಂದಿಲ್ಲ. ಗುಳಿಯ ಒಂದು ಅಂಚಿನಲ್ಲಿ ಬಣ್ಣ ಹರಿದು ಗಟ್ಟಿಯಾಗಿದ್ದರೆ, ಆ ಅರ್ಧ ಮಿ.ಮೀ. ಏರು ಬ್ರಿಡ್ಜಿನ ಬಳಿ ಅದರ ಕೆಲವು ಪಟ್ಟಾಗಿ ಕಾಣುತ್ತದೆ. ಗುಳಿಯ ತಳ ಬರಿಮರವಾಗಿರಬೇಕು. ಸ್ಪ್ರೇ ಮಾಡುವ ಮುನ್ನ ಟೇಪ್ ಅಂಟಿಸದೆ ಹೋಗಿದ್ದರೆ ಉಳಿಯಿಂದ ಕೆರೆದು ತೆಗೆಯಬೇಕು, ಎಮರಿ ಕಾಗದದಿಂದ ಉಜ್ಜಿದರೆ ಅಂಚುಗಳು ಬೇಗ ಸವೆದು ತಳ ಉಬ್ಬುತ್ತದೆ.

ಸ್ಕ್ರೂ ಬಿಗಿದ ಮೇಲೆ ನೆಕ್ಕಿನ ಹಿಮ್ಮಡಿ ಮತ್ತು ಗುಳಿಯ ನಡುವೆ ಕಾಗದದ ಚೂರು ನುಸುಳುತ್ತದೆಯೇ ನೋಡಿ. ನುಸುಳಿದರೆ, ಅದರಲ್ಲೂ ಸ್ಕ್ರೂ ಪೂರ್ತಿ ಬಿಗಿಯಾಗಿದೆ ಎನ್ನಿಸುವಾಗ ನುಸುಳಿದರೆ, ಬಾಡಿಯ ತೂತುಗಳು ಇಕ್ಕಟ್ಟಾಗಿವೆ. ಬಾಡಿಯಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಅದರ ಹಲ್ಲು ನೆಕ್ಕಿನ ಮರವನ್ನು ಮಾತ್ರ ಕಚ್ಚಬೇಕು. ಎರಡೂ ಕಡೆ ಕಚ್ಚಿದರೆ ಎಷ್ಟು ಬಿಗಿದರೂ ನಡುವಿನ ಸಂದು ಮುಚ್ಚುವುದಿಲ್ಲ. ತಂತಿ ಬಿಗಿದಾಗ ಆ ಸಂದಿನಲ್ಲೇ ನೆಕ್ ಕದಲಿ ಶ್ರುತಿ ಇಳಿಯುತ್ತದೆ. ತಂತಿಯ ನುಡಿಯುವ ಉದ್ದ 25.5 ಇಂಚು ಇರುವ ಗಿಟಾರಿಗೆ 10–46 ಸೆಟ್ಟಿನ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ತಂತಿಗಳು ಸಾಮಾನ್ಯ ಶ್ರುತಿಯಲ್ಲಿ ಒಟ್ಟು ಸುಮಾರು 46 ಕಿಲೋ ಎಳೆತ ಕೊಡುತ್ತವೆ ಎಂಬುದನ್ನು ಇಲ್ಲಿ ನೆನೆದರೆ ಸಾಕು. ಬಾಡಿಯ ತೂತನ್ನು ಸ್ಕ್ರೂವಿನ ಹೊರ ವ್ಯಾಸಕ್ಕಿಂತ ಕೂದಲೆಳೆಯಷ್ಟು ಅಗಲಿಸಿದರೆ ಕೆಲಸ ಮುಗಿಯಿತು.

ಝರ್ ಎನ್ನುವ ತಂತಿ

ಝರ್ ಸದ್ದು ಎಲ್ಲಿ ಬರುತ್ತದೆ ಎಂಬುದೇ ಅದರ ಕಾರಣವನ್ನು ಹೇಳುತ್ತದೆ. ತಂತಿಯನ್ನು ಒತ್ತದೆ ಮೀಟಿದಾಗ ಮಾತ್ರ ಬಂದರೆ ನಟ್ಟಿನ (ಜ್ಯಾಕಿನದಲ್ಲ, ನೆಕ್ಕಿನ ತಲೆಯ ಕಡೆ ತಂತಿಗಳು ಹಾದುಹೋಗುವ ಗೀರುಳ್ಳ ಪಟ್ಟಿಯ) ಗೀರು ಆಳವಾಗಿದೆ. ಮೂರನೆಯ ಫ್ರೆಟ್ಟಿನ ಬಳಿ ತಂತಿ ಒತ್ತಿ ಮೊದಲನೆಯ ಫ್ರೆಟ್ಟಿನ ಮೇಲೆ ನೋಡಿದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಂದು ಇರಲೇಬೇಕು. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಬಂದರೆ ನೆಕ್ ತೀರ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹನ್ನೆರಡರ ಮೇಲೆ ಬಂದರೆ ತಂತಿ ತಗ್ಗಿನಲ್ಲಿದೆ, ಇಲ್ಲವೇ ನೆಕ್ಕಿನ ತುದಿ ಬಾಡಿಯ ಮೇಲೆ ಎದ್ದಿದೆ. ಒಂದೇ ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ಟು ಎದ್ದಿರುತ್ತದೆ, ಮೂರು ಫ್ರೆಟ್ಟುಗಳ ಮೇಲೆ ಕೂರುವಷ್ಟು ಉದ್ದದ ಉಕ್ಕಿನ ಪಟ್ಟಿಯನ್ನು ಇಟ್ಟು ಅಲುಗಿಸಿದರೆ ಟಕಟಕ ಎಂದು ಅದೇ ತೋರಿಸಿಕೊಡುತ್ತದೆ.

ನೆಕ್ಕಿನ ಬಾಗನ್ನು ಅಳೆಯಲು ಮೊದಲ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ಕೊನೆಯ ಫ್ರೆಟ್ಟನ್ನು ಒತ್ತಿ, ಏಳನೆಯ ಅಥವಾ ಎಂಟನೆಯ ಫ್ರೆಟ್ಟಿನ ಮೇಲಿನ ಸಂದನ್ನು ನೋಡಬೇಕು. 0.2ರಿಂದ 0.3 ಮಿ.ಮೀ. ಇದ್ದರೆ ಸರಿ. ಹೆಚ್ಚಿದ್ದರೆ ನೆಕ್ಕಿನೊಳಗಿದ್ದು ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡನ್ನು ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಮರ ಹೊಂದಿಕೊಳ್ಳಲು ಸಮಯ ಕೊಡಬೇಕು. ಬಾಗು ಸರಿಯಾದ ಮೇಲಷ್ಟೇ ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರವನ್ನು ಹೊಂದಿಸಬೇಕು, ದಪ್ಪ ತಂತಿಗೆ ಸುಮಾರು 2 ಮಿ.ಮೀ., ಸಣ್ಣ ತಂತಿಗೆ ಸುಮಾರು 1.5 ಮಿ.ಮೀ. ಕ್ರಮ ತಪ್ಪಿಸಿ ಸ್ಯಾಡಲ್ಲನ್ನೇ ಮೊದಲು ತಿರುಗಿಸಿದರೆ ಎರಡನ್ನೂ ಪುನಃ ಮಾಡಬೇಕಾಗುತ್ತದೆ.

ಮಳೆಗಾಲದಲ್ಲಿ ಕಟ್ಟಿದ ನೆಕ್ ಬೇಸಿಗೆ ಬರುತ್ತಲೇ ಒಣಗಿ ಕುಗ್ಗುವುದರಿಂದ, ಫ್ರೆಟ್ಟಿನ ತುದಿಗಳು ಎರಡೂ ಅಂಚಿನಲ್ಲಿ ಹೊರಚಾಚಿ ಅಂಗೈಗೆ ಚುಚ್ಚುತ್ತವೆ. ಇದು ಜೋಡಣೆಯ ತಪ್ಪಲ್ಲ, ಫ್ರೆಟ್ಟನ್ನು ಕಿತ್ತು ಅಂಟಿಸುವ ಗೋಜಿಗೆ ಹೋಗಬಾರದು. ನೆಕ್ಕಿನ ಅಂಚಿಗೆ ಟೇಪ್ ಹಚ್ಚಿ, ಸಣ್ಣ ಹಲ್ಲಿನ ಅರದಿಂದ ತುದಿಗಳನ್ನು ಸಮ ಮಾಡಿದರೆ ಸಾಕು.

ಸದ್ದೇ ಬರದಿದ್ದಾಗ

ಇಲ್ಲಿ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಗಿಟಾರಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಮೊನೆ ಮತ್ತು ಒಡಲಿನ ನಡುವೆ ರೋಧವನ್ನು ಅಳೆಯಿರಿ. 7.5 ಕಿಲೋಓಮ್ ಪಿಕಪ್ ಮತ್ತು 250 ಕಿಲೋಓಮ್ ವಾಲ್ಯೂಮ್ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೋಧಕ) ಇದ್ದರೆ ಮೀಟರ್ 7.3ರ ಆಸುಪಾಸು ತೋರಿಸಬೇಕು, ಎರಡು ಪಿಕಪ್‌ಗಳೂ ಒಟ್ಟಿಗೆ ಸೇರುವ ನಡುವಿನ ಸ್ಥಾನದಲ್ಲಿ ಇದರ ಅರ್ಧಕ್ಕೆ ಇಳಿಯಬೇಕು. 250ರ ಹತ್ತಿರ ತೋರಿಸಿದರೆ ಪಾಟ್ ಮತ್ತು ಜ್ಯಾಕ್ ಸರಿಯಿವೆ, ಪಿಕಪ್ ಮಾತ್ರ ಅಲ್ಲಿಗೆ ತಲುಪುತ್ತಿಲ್ಲ. ಸ್ವಿಚ್ಚಿನ ಬೆಸುಗೆ ನೋಡಬೇಕು. ಏನನ್ನೂ ತೋರಿಸದಿದ್ದರೆ ಜ್ಯಾಕಿನಲ್ಲೋ ಕೇಬಲ್ಲಿನಲ್ಲೋ ದಾರಿ ಕಡಿದಿದೆ. ಸೊನ್ನೆ ತೋರಿಸಿದರೆ ಎಲ್ಲೋ ಸಂಕೇತ ಸಾಗುವ ಹಾಟ್ ತಂತಿ ಅರ್ಥ್‌ಗೆ ತಾಗಿದೆ, ಮತ್ತು ಹೆಚ್ಚಿನ ಸಲ ಅದು ಜ್ಯಾಕಿನ ಕುಳಿಯಲ್ಲೇ. ಕೇಬಲ್ ತೂರಿಸಿದಾಗ ಜ್ಯಾಕಿನ ಸ್ಪ್ರಿಂಗ್ ಪಟ್ಟಿ ಹೊರಕ್ಕೆ ಬಾಗಿ, ಕುಳಿಯ ಗೋಡೆಗೆ ಅಂಟಿಸಿದ ತಾಮ್ರದ ಹಾಳೆಗೆ ತಾಗುತ್ತದೆ. ಜ್ಯಾಕ್ ಹೊರಗೆ ತೆಗೆದಾಗ ಸದ್ದು ಬಂದು, ಒಳಗೆ ಕೂರಿಸಿದಾಗ ಹೋಗುವ ಗಿಟಾರಿನ ರೋಗ ಇದೇ. ಆ ಗೋಡೆಗೆ ಒಂದು ಪದರ ಇನ್ಸುಲೇಶನ್ ಟೇಪ್ ಸಾಕು.

ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಸದ್ದು ಬಂದು ಹೋಗಿ ಮಾಡಿದರೆ ಜ್ಯಾಕಿನ ನಟ್ಟನ್ನು ಕೈಯಲ್ಲಿ ಅಲುಗಿಸಿ ನೋಡಿ. ಹಸಿ ಲ್ಯಾಕರಿನ ಮೇಲೆ ಬಿಗಿದ ನಟ್ಟು ಬಣ್ಣ ಅದುಮಿದಂತೆ ಸಡಿಲಾಗಿ, ಜ್ಯಾಕ್ ತಿರುಗತೊಡಗಿ, ಒಳಗಿನ ತಂತಿ ತಿರುಚಿ ತುಂಡಾಗುತ್ತದೆ. ಬೆಸುಗೆಯಲ್ಲಿ ಮಂಕಾದ, ತರಿತರಿಯಾದ ಗುಂಡು ಕಂಡರೆ ಅದು ಹಿಡಿದಿಲ್ಲ. ಪಾಟ್‌ಗಳ ಬೆನ್ನಿಗೆ 25 ವಾಟ್‌ನ ಬೆಸುಗೆ ಕಬ್ಬಿಣ ಸಾಲದು. ಬೆನ್ನನ್ನು ಎಮರಿ ಕಾಗದದಿಂದ ಕೆರೆದು, 40–60 ವಾಟ್‌ನ ಕಬ್ಬಿಣವನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿಯಬೇಕು.

ಗುಂಯ್ ಸದ್ದು

ತಂತಿಯನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದು ಇಲ್ಲಿ ಮೊದಲ ಪ್ರಶ್ನೆ. ಮುಟ್ಟಿದಾಗ ಸದ್ದು ಇಳಿದರೆ ಅರ್ಥ್ ಸರಿಯಾಗಿದೆ, ಕುಳಿಗಳಿಗೆ ತಾಮ್ರದ ಹಾಳೆಯ ಕವಚ ಬೇಕಾಗಿದೆ ಅಷ್ಟೆ. ಮುಟ್ಟಿದಾಗ ಏರಿದರೆ ಜ್ಯಾಕಿನಲ್ಲಿ ಹಾಟ್ ಮತ್ತು ಅರ್ಥ್ ಅದಲುಬದಲಾಗಿವೆ. ತಂತಿ ಮುಟ್ಟಿದಾಗ ಏನೂ ಆಗದೆ, ಜ್ಯಾಕಿನ ಲೋಹವನ್ನು ಮುಟ್ಟಿದಾಗ ಮಾತ್ರ ಇಳಿದರೆ ಬ್ರಿಡ್ಜಿನ ಅರ್ಥ್ ತಪ್ಪಿಹೋಗಿದೆ. ಈ ಮೂರನೆಯದೇ ಮನೆಯಲ್ಲಿ ಬಣ್ಣ ಹೊಡೆದ ಗಿಟಾರುಗಳಲ್ಲಿ ಅತಿ ಸಾಮಾನ್ಯ. ಬ್ರಿಡ್ಜಿನಡಿ ಬಂದ ಅರ್ಥ್ ತಂತಿಯ ಬರಿ ತುದಿಯ ಮೇಲೆ ಲ್ಯಾಕರ್ ಕೂತಿರುತ್ತದೆ, ಇಲ್ಲವೇ ಕಪ್ಪು ಬ್ರಿಡ್ಜಿನ ತಳದಲ್ಲೂ ಬಣ್ಣದ ಲೇಪ ಇರುತ್ತದೆ. ಮೀಟುವ ತಂತಿಯಿಂದ ಜ್ಯಾಕಿನ ಒಡಲಿಗೆ ಮೀಟರ್ ಹಿಡಿದರೆ ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಬ್ರಿಡ್ಜ್ ಬಿಚ್ಚಿ, ತಳದಲ್ಲಿ ಉಗುರಿನಗಲ ಜಾಗವನ್ನು ಲೋಹ ಹೊಳೆಯುವಂತೆ ಕೆರೆದು, ಅರ್ಥ್ ತಂತಿಯ ಎಳೆಗಳನ್ನು ಬೀಸಣಿಗೆಯಂತೆ ಹರಡಿ ಅದರಡಿ ಇಟ್ಟು ಬಿಗಿಯಬೇಕು.

ತಾಮ್ರದ ಹಾಳೆ ಹಾಕಿಯೂ ಗುಂಯ್ ನಿಲ್ಲದಿದ್ದರೆ ಹಾಳೆಯ ತುಂಡುಗಳನ್ನು ಪರಸ್ಪರ ಅಳೆದು ನೋಡಿ. ಎಷ್ಟೋ ಹಾಳೆಗಳ ಅಂಟು ವಿದ್ಯುತ್ತನ್ನು ಬಿಡುವುದಿಲ್ಲ, ಒಂದರ ಮೇಲೊಂದು ಅಂಟಿದರೂ ತುಂಡುಗಳು ಬೇರೆಬೇರೆಯಾಗಿಯೇ ಇರುತ್ತವೆ. ಪ್ರತಿ ಜೋಡಣೆಯಲ್ಲೂ ಒಂದು ಹನಿ ಬೆಸುಗೆ ಹಾಕಬೇಕು. ಬಿದ್ರಿ ಮುಚ್ಚಳ ಹಾಕಿದವರು ಅದಕ್ಕೂ ಅರ್ಥ್ ಕೊಡಬೇಕು. ಅದು ಸತು ಹೆಚ್ಚಿರುವ, ತಾಮ್ರ ಬೆರೆತ ಮಿಶ್ರಲೋಹವಾದ್ದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಪಿಕಪ್ಪಿಗೆ ತೊಂದರೆ ಕೊಡುವುದಿಲ್ಲ, ಆದರೆ ವಿದ್ಯುತ್ತನ್ನು ಬಿಡುತ್ತದೆ. ಅರ್ಥ್ ಇಲ್ಲದೆ ಬಿಟ್ಟರೆ ಕೈ ತಾಗಿದಾಗಲೆಲ್ಲ ಚಟಪಟ ಎನ್ನುತ್ತದೆ, ಅರ್ಥ್ ಕೊಟ್ಟರೆ ಅದೇ ಒಳ್ಳೆಯ ಕವಚವಾಗುತ್ತದೆ. ಕಪ್ಪು ಮುಖವನ್ನು ಮುಟ್ಟದೆ ಬೆನ್ನಿನ ಕಡೆ ಕೆರೆದು, ಸ್ಕ್ರೂವಿನಡಿ ತಂತಿ ಕೊಡಬೇಕು. ಬಾಡಿಯ ಮುಖವನ್ನು ಕಾಯುವ ಪ್ಲಾಸ್ಟಿಕ್ ಪಿಕ್‌ಗಾರ್ಡ್ ಒಣಹವೆಯಲ್ಲಿ ಬೆರಳು ಸವರಿದಾಗ ಚಟಪಟಗುಟ್ಟುವುದು ಸ್ಥಿರವಿದ್ಯುತ್ತಿನಿಂದ, ಅದರ ಬೆನ್ನಿಗೂ ಹಾಳೆ ಅಂಟಿಸಿ ಅರ್ಥ್‌ಗೆ ಸೇರಿಸಿದರೆ ನಿಲ್ಲುತ್ತದೆ.

ಗುಂಯ್ ಸದ್ದಿನ ಸ್ವರವನ್ನು ಕಿವಿಯಿಂದಲೇ ಗುರುತಿಸಬಹುದು. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ದಪ್ಪ ಇ ತಂತಿಯ ಮೂರನೆಯ ಫ್ರೆಟ್ಟಿನ ಸ್ವರ 98 ಹರ್ಟ್ಸ್. ಗುಂಯ್ ಅದಕ್ಕಿಂತ ಕೂದಲಷ್ಟು ಮೇಲಿದ್ದರೆ ಅದು 100 ಹರ್ಟ್ಸ್, ಆಂಪ್ಲಿಫೈಯರಿನ ಪವರ್ ಸಪ್ಲೈ ಕಡೆಗೆ ಅನುಮಾನ ಹೋಗಬೇಕು. ಅದರ ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್, ಗಿಟಾರಿನ ಅರ್ಥ್ ಅಥವಾ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಹತ್ತಿರದ ಟ್ರಾನ್ಸ್‌ಫಾರ್ಮರನ್ನು ಕೇಳಿಸಿಕೊಳ್ಳುತ್ತಿದೆ. ಗಿಟಾರ್ ಹಿಡಿದು ತಿರುಗಿದಾಗ ಸದ್ದು ಏರಿಳಿದರೆ ಎರಡನೆಯದೇ ಖಚಿತ, ಅದಕ್ಕೆ ತಾಮ್ರದ ಹಾಳೆಯಿಂದ ಪ್ರಯೋಜನವಿಲ್ಲ. ತೆಳುವಾಗಿ, ಹರಿತವಾಗಿ ಜುಂಯ್‌ಗುಡುವ ಸದ್ದಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಆರಿಸಿ ನೋಡಿ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಎನ್ನುವುದು ಸುಲಭದ ಸಲಹೆಯಲ್ಲ, ಆದರೂ ಎರಡು ನಿಮಿಷ ಸಾಕು. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಬಂದರೆ ದೋಷ ಗಿಟಾರಿನದಲ್ಲ, ಶುದ್ಧ ಸೈನ್ ಅಲೆ ಕೊಡದ ಇನ್ವರ್ಟರಿನದು.

ತಂತಿ ಮುಟ್ಟಿದಾಗ ಜುಮ್ಮೆಂದರೆ ಪರೀಕ್ಷೆಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿ ಪ್ಲಗ್ ಕೀಳಬೇಕು. ಗಿಟಾರಿನ ತಂತಿ ಆಂಪ್ಲಿಫೈಯರಿನ ಒಡಲಿಗೆ ಸೇರಿರುತ್ತದೆ, ಆ ಒಡಲಿಗೆ ಸೋರಿಕೆಯಾದ ಕರೆಂಟಿಗೆ ಮನೆಯ ಅರ್ಥಿಂಗ್ ದಾರಿ ಕೊಡದಿದ್ದರೆ ನುಡಿಸುವವನ ಮೈಯೇ ದಾರಿಯಾಗುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸುವ ಅಡಾಪ್ಟರ್ ಇಲ್ಲಿ ಕೊಲೆಗಡುಕ ವಸ್ತು. ಎರೆಮಣ್ಣು ಬಿರುಕುಬಿಟ್ಟು ಒಣಗುವ ಬೇಸಿಗೆಯಲ್ಲಿ ಅರ್ಥ್ ಗುಂಡಿಯ ರೋಧ ಏರುತ್ತದೆ. ಗುಂಡಿಗೆ ನೀರು ಹಾಕುವ ರೂಢಿ ಅದಕ್ಕಾಗಿಯೇ ಇದೆ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಮತ್ತು ಆಂಪ್ಲಿಫೈಯರ್ ಎರಡನ್ನೂ ನೋಡುವವರೆಗೆ ಗಿಟಾರ್ ಸಿಕ್ಕಿಸಬಾರದು.

ಸದ್ದಿದೆ, ಆದರೆ ಹದವಿಲ್ಲ

ಕಂಬಳಿ ಹೊದ್ದಂತೆ ಸದ್ದು ಮಂದವಾಗಿದ್ದರೆ ಪಾಟ್‌ನ ಬೆಲೆ ಓದಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ 47 ಅಥವಾ 100 ಕಿಲೋಓಮ್ ಪಾಟ್ ಗಿಟಾರಿಗೆ ಸಾಲದು, ಸಿಂಗಲ್ ಕಾಯಿಲ್‌ಗೆ 250, ಎರಡು ಸುರುಳಿಯ ಹಂಬಕರ್‌ಗೆ 500 ರೂಢಿ. ವಾಲ್ಯೂಮ್ ಒಮ್ಮೆಲೇ ಏರಿಳಿದರೆ ಎ ಬದಲು ಬಿ ಗುರುತಿನ ಪಾಟ್ ಬಂದಿದೆ. ಟೋನ್ ಕೆಪಾಸಿಟರಿನ ಮೇಲೆ 223 ಎಂದರೆ 0.022, 473 ಎಂದರೆ 0.047 ಮೈಕ್ರೋಫ್ಯಾರಡ್. ಎರಡೂ ನಡೆಯುತ್ತವೆ. ಒಂದೊಂದು ಪಿಕಪ್ ಬೇರೆಯಾಗಿ ಚೆನ್ನಾಗಿದ್ದು, ಎರಡೂ ಸೇರಿದಾಗ ಸದ್ದು ಸೊರಗಿ ಮೂಗಿನಿಂದ ಬಂದಂತಾದರೆ ಒಂದರ ತಂತಿಗಳನ್ನು ಅದಲುಬದಲು ಮಾಡಬೇಕು. ಆ ಪಿಕಪ್ಪಿಗೆ ಲೋಹದ ಕವಚವಿದ್ದರೆ ಮೊದಲು ಕವಚದ ಅರ್ಥನ್ನು ಬೇರ್ಪಡಿಸಬೇಕು, ಇಲ್ಲದಿದ್ದರೆ ಕವಚವೇ ಹಾಟ್ ಆಗಿ ಗುಂಯ್ ಹೆಚ್ಚುತ್ತದೆ.

ಕೊನೆಗೆ ಶ್ರುತಿ

ಶ್ರುತಿ ಮಾಡುವಾಗ ನಟ್ಟಿನ ಬಳಿ ಟಿಂಗ್ ಎಂದು ತಂತಿ ಜಿಗಿದರೆ ಗೀರು ಇಕ್ಕಟ್ಟಾಗಿದೆ, ಪೆನ್ಸಿಲ್ ಸೀಸದ ಪುಡಿ ತುಂಬಿ ನೋಡಿ, ಆಗದಿದ್ದರೆ ಅಗಲಿಸಿ. ಆಮೇಲೆ ಒತ್ತದೆ ಮೀಟಿದ ಸ್ವರವನ್ನೂ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್ಕಿನ ಕಡೆಗೆ ಸರಿಸಬೇಕು. ಎಲ್ಲ ಸ್ಯಾಡಲ್‌ಗಳೂ ತುದಿ ಮುಟ್ಟಿದ ಮೇಲೂ ಸ್ವರ ಏರಿಯೇ ಇದ್ದರೆ ಅಳತೆಪಟ್ಟಿ ತೆಗೆದುಕೊಳ್ಳಿ. ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿನ ನಡುವಿಗೆ 324 ಮಿ.ಮೀ. ಇದ್ದರೆ, ಅಲ್ಲಿಂದ ಸಣ್ಣ ತಂತಿಯ ಸ್ಯಾಡಲ್ಲಿಗೆ ಅಷ್ಟೇ ದೂರಕ್ಕೆ ಒಂದೆರಡು ಮಿ.ಮೀ. ಸೇರಿರಬೇಕು, ದಪ್ಪ ತಂತಿಗೆ ಇನ್ನೂ ತುಸು ಹೆಚ್ಚು. ಅದು ಕಡಿಮೆ ಬಿದ್ದರೆ ಬ್ರಿಡ್ಜ್ ತಪ್ಪು ಜಾಗದಲ್ಲಿದೆ. ತೂತುಗಳಿಗೆ ಅದೇ ಮರದ ಗೂಟ ಅಂಟಿಸಿ, ಅಂಟು ಪೂರ್ತಿ ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಹಳೆಯ ತೂತುಗಳ ಗುರುತು ಹೊಸ ಬ್ರಿಡ್ಜಿನಡಿ ಮುಚ್ಚಿಹೋಗುವುದೇ ಇಲ್ಲವೇ ಎಂಬುದನ್ನು ಕೊರೆಯುವ ಮೊದಲೇ ಕಾಗದದ ಮೇಲೆ ಗೀಚಿ ನೋಡಿಕೊಳ್ಳುವುದು ಒಳ್ಳೆಯದು.